ಬೊಟ್ಟಿಲ್ಲದ ಟ್ಯೂಬು

“ಮಗಾ, ಒಣಸ್ ಆಂಡಾ?”

ಪುಷ್ಪಾವತಿ ಕೇಳಿದ್ದು ಇಷ್ಟೇ. ಊಟ ಆಯಿತಾ ಎಂದು.

ಗೋಡೆಯ ಹತ್ತಿರ ಸ್ಪೀಕರಿನ ಮೇಲೆ ಕೂರಿಸಿದ್ದ ಕಪ್ಪು ಪೆಟ್ಟಿಗೆ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಅದರ ಹೊಟ್ಟೆಯಿಂದ, ಖಾಲಿ ಹಂಡೆಗೆ ಬೆರಳು ತಾಗಿದ ಹಾಗೆ, ‘ಊಂ…’ ಎಂದು ಸದ್ದೆದ್ದಿತು. ನಿಧಾನವಾಗಿ ತೆಳ್ಳಗಾಗಿ ಫ್ಯಾನಿನ ಗಾಳಿಯಲ್ಲಿ ಕರಗಿಹೋಯಿತು.

“ಕೇಳಿತಾ ವೇದಕ್ಕ? ಹೂಂ ಅಂದ.”

ವೇದಾವತಿಯ ಕೈಯ ರೋಮ ನೆಟ್ಟಗಾದದ್ದನ್ನು ಅವಳು ಸೆರಗಿನಿಂದ ಮುಚ್ಚಿದಳು. ಸರ್ವಿಸ್ ಪೂರ್ತಿ ಸೆಂಟ್ರಲ್ ಲೈನಿನ ಲೋಕಲ್ ರೈಲುಗಳ ಲೇಡೀಸ್ ಡಬ್ಬಿಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದ ಹೆಂಗಸು ಅವಳು. ಆಗ ಟಿಕೆಟ್ ಇಲ್ಲದೆ ರೈಲು ಹತ್ತಿದವರನ್ನು ಹಿಡಿಯುತ್ತಿದ್ದಳು. ಈಗ ಹೆಣ್ಣಿನ ಕಡೆಯವರ ಪರವಾಗಿ ವಿಚಾರಿಸಿ, ನೌಕರಿ ಇಲ್ಲದೆ ಮದುವೆ ಮಂಟಪ ಹತ್ತಲು ಹೊರಟವರನ್ನು ಹಿಡಿಯುತ್ತಾಳೆ. ಡೊಂಬಿವಲಿಯಲ್ಲಿ ಗಂಡಿನ ಕಡೆಯವರು ಅವಳ ಹೆಸರು ಕೇಳಿದರೆ ಜಾತಕ ಬಿಟ್ಟು ಸ್ಯಾಲರಿ ಸ್ಲಿಪ್ ಹುಡುಕುತ್ತಾರೆ. ಆದರೆ ಸತ್ತವರ ಸುದ್ದಿ ವಿಚಾರಿಸುವ ಕೆಲಸ ಅವಳಿಗೆ ಬಂದದ್ದು ಇದೇ ಮೊದಲು.

ಪುಷ್ಪಾವತಿಯ ಮಗ ಪೃಥ್ವಿರಾಜ್ ತೀರಿಕೊಂಡದ್ದು ಹೋದ ದೀಪಾವಳಿಯ ಹೊಸ್ತಿಲಲ್ಲಿ. ಠಾಣೆಯ ಕೋಪರಿಯಲ್ಲಿ ಗೆಳೆಯರು ಸೇರಿ ಬಾಡಿಗೆಗೆ ಹಿಡಿದಿದ್ದ ಪ್ರಾಕ್ಟೀಸ್ ರೂಮಿನಲ್ಲಿ, ಇದೇ ಗಿಟಾರ್ ಆಂಪ್ಲಿಫಯರ್ ಬಿಚ್ಚಿ ಒಳಗೆ ಕೈ ಹಾಕಿದ್ದ, ಕರೆಂಟ್ ಹೊಡೆಯಿತು ಎಂದರು. ಕಂಡವನು ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ಅಪ್ಪ ಶಂಭು, ಒಬ್ಬನೇ. ಪೊಲೀಸರು ಅಪಘಾತ ಎಂದು ಬರೆದು ಮುಗಿಸಿದರು.

ಆಂಪ್ ಮನೆಗೆ ಬಂತು. ಬಂದದ್ದು ಅದೊಂದೇ ಅಲ್ಲ ಎನ್ನುವುದು ಪುಷ್ಪಾವತಿಯ ಮಾತು.

ಸಂಜೆ ದೀಪ ಹಚ್ಚಿದ ಕೂಡಲೇ ಅವಳು ಆಂಪನ್ನೂ ಹಚ್ಚುತ್ತಿದ್ದಳು. ಅದಕ್ಕೆ ಎರಡು ಸ್ವಿಚ್ಚು, ಕಾಯಲಿಕ್ಕೆ ಒಂದು, ಹಾಡಲಿಕ್ಕೆ ಒಂದು. ಬಾಣಲೆ ಕಾಯುವ ಮೊದಲು ಸಾಸಿವೆ ಹಾಕಬಾರದಲ್ಲ, ಹಾಗೆ ಎಂದು ಮಗ ಕಲಿಸಿದ್ದ. ಮೊದಲನೆಯದನ್ನು ಒತ್ತಿ, ಒಂದು ಸ್ತೋತ್ರ ಮುಗಿಸಿ, ಎರಡನೆಯದನ್ನು ಒತ್ತಿ, ಮುಂದೆ ಕೂತು ಮಾತಾಡುತ್ತಿದ್ದಳು. ಸತ್ತವರಿಗೆ ಬಡಿಸುವ ಆಟಿ ಅಮಾವಾಸ್ಯೆಗೆ ಅದರ ಮುಂದೆ ಎಲೆ ಹಾಕಿ ಬಡಿಸಿಯೂ ಆಗಿತ್ತು. ಕೆಳಗಿನ ಮನೆಯವರು ಊಂಕಾರ ಕೇಳಿ ಹೆದರಿ ಸೊಸೈಟಿಗೆ ದೂರು ಕೊಟ್ಟರು. ಸೆಕ್ರೆಟರಿ ಮೇಲೆ ಬಂದು, ಮನೆಯಲ್ಲಿ ಭೂತ ಇಟ್ಟುಕೊಳ್ಳಲು ಜನರಲ್ ಬಾಡಿಯ ಒಪ್ಪಿಗೆ ಬೇಕು, ಎನ್‌ಓಸಿ ತನ್ನಿ ಎಂದು ಹೇಳಿ ಹೋಗಿದ್ದ. ಆ ಕಟ್ಟಡದಲ್ಲಿ ಲಿಫ್ಟ್ ಕೆಟ್ಟು ತಿಂಗಳಾಗಿತ್ತು. ಭೂತಕ್ಕೆ ಮೆಟ್ಟಿಲು ಬೇಕಾಗುವುದಿಲ್ಲವಾದ್ದರಿಂದ ಅದೊಂದೇ ಸುಖವಾಗಿ ಓಡಾಡಿಕೊಂಡಿತ್ತು.

ಇವತ್ತು ಆ ಆಂಪ್ ಮನೆ ಬಿಟ್ಟು ಹೊರಡಲಿತ್ತು. ಪೃಥ್ವಿಯ ಬ್ಯಾಂಡಿನ ಗೆಳೆಯ ಸಮಿತ್ ಅದನ್ನು ಒಯ್ದು, ಬದಲಿಗೆ ಹೊಸ ಸಣ್ಣ ಆಂಪ್ ಒಂದನ್ನು ನೆನಪಿಗೆ ಕೊಡುತ್ತೇನೆಂದಿದ್ದ. ಶಂಭು ಒಪ್ಪಿಬಿಟ್ಟಿದ್ದ.

“ಹೋಗುದಾದ್ರೆ ಹೋಗ್ಲಿ ವೇದಕ್ಕ,” ಪುಷ್ಪಾವತಿ ಹೇಳಿದ್ದಳು. “ಅದರಲ್ಲಿ ನನ್ನ ಮಗ ಇದ್ದಾನಾ ಇಲ್ವಾ, ಅಷ್ಟು ಹೇಳಿ. ಅವ ಇದ್ರೆ ಕಳಿಸುದು ಹೇಗೆ? ಇಲ್ಲದಿದ್ರೆ ಇಟ್ಕೊಳ್ಳುದು ಯಾಕೆ?”

*

“ಅತ್ತೆ, ಭೂತ್ ವೂತ್ ಕುಛ್ ನಹೀ ಹೈ,” ಅಂದಳು ಅಕ್ಷಯಾ.

ವೇದಾವತಿಯ ಅಣ್ಣನ ಮಗಳು ಅಕ್ಷಯಾ ಕಲ್ಯಾಣದಲ್ಲಿ ಹುಟ್ಟಿದವಳು. ಸ್ಟೇಜ್ ಶೋಗಳಿಗೆ ಸೌಂಡ್ ಕೂಡಿಸುತ್ತಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಅರ್ಧ ಆಡುತ್ತಾಳೆ, ಉಳಿದರ್ಧಕ್ಕೆ ಹಿಂದಿ ಮರಾಠಿ ಕೈಸಾಲ ತರುತ್ತಾಳೆ.

ಅವಳು ಆಂಪಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಹಿಂಬದಿಯ ಜಾಳಿಗೆ ಮುಚ್ಚಳ ತೆಗೆದಿದ್ದಳು. ಕೈಯಲ್ಲೇ ತಿರುಗಿಸಿ ಬಿಚ್ಚುವ ಎರಡು ತಿರುಪು, ಅಷ್ಟೇ. ಒಳಗೆ, ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ಟ್ಯೂಬುಗಳು ನೆಟ್ಟಗೆ ನಿಂತಿದ್ದವು. ಬೆರಳಿನಷ್ಟು ಸಣ್ಣವು ಒಂದು ಸಾಲು, ಬದನೆಕಾಯಿಯಷ್ಟು ದೊಡ್ಡವು ಇನ್ನೊಂದು. ಒಂದೊಂದರ ಹೊಟ್ಟೆಯಲ್ಲೂ ಕೆಂಪು ಕೆಂಡ.

“ಇದನ್ನ ಹೈ ಗೇನ್ ಅಂತಾರೆ ಅತ್ತೆ.”

“ಹೋಟೆಲಿನವರ ಮನೇಲಿ ಗೇನ್ ಹೈ ಇರ್ಲೇಬೇಕಲ್ಲ.”

“ಅರೇ, ವೋ ಗೇನ್ ನಹೀ! ಗಿಟಾರಿನ ಸಣ್ಣ ಆವಾಜ್ ಉಂಟಲ್ಲ, ಅದನ್ನ ಈ ಚಿಕ್ಕ ಟ್ಯೂಬ್ ದೊಡ್ಡದು ಮಾಡ್ತದೆ. ಅದನ್ನ ಮತ್ತೊಂದು ಇನ್ನೂ ದೊಡ್ಡದು. ಹೀಗೆ ಮಾಡಿ ಮಾಡಿ ಬೆಂಕಿ. ಅದ್ರಲ್ಲಿ ಒಂದು ಟ್ಯೂಬ್ ಒಳಗಿಂದ ಲೂಸ್ ಆಯ್ತು ಅಂದ್ಕೋ. ಗ್ಲಾಸಿನೊಳಗೆ ಚಮಚ ಅಲ್ಲಾಡಿದ ಹಾಗೆ. ಆಗ ಟ್ಯೂಬೇ ಮೈಕ್ ಆಗಿಬಿಡ್ತದೆ. ಎದುರು ಕೂತು ಮಾತಾಡು, ನಡೆದಾಡು, ಮುಟ್ಟು, ಎಲ್ಲ ಕೇಳಿಸ್ಕೊಂಡು ಸ್ಪೀಕರಲ್ಲಿ ಬಿಡ್ತದೆ.”

“ಯಾವುದು ಅಂತ ಗೊತ್ತಾಗುದು ಹೇಗೆ?”

“ಬಡಿದು ನೋಡೋದು.”

ಅಕ್ಷಯಾ ಕೈಯಲ್ಲಿ ಚಾಪ್‌ಸ್ಟಿಕ್ ಹಿಡಿದಿದ್ದಳು. ಇಡ್ಲಿ ವಡೆಗೆ ಹೆಸರಾದ ಶಂಭುವಿನ ಹೋಟೆಲಿಗೆ ಚೈನೀಸ್ ಕೌಂಟರ್ ಸೇರಿದಾಗ ಪೆಟ್ಟಿಗೆಗಟ್ಟಲೆ ತರಿಸಿದ ಕಡ್ಡಿಗಳು. ಶೆಜ್ವಾನ್ ದೋಸೆಯನ್ನು ಕಡ್ಡಿಯಲ್ಲಿ ತಿನ್ನುವ ಧೈರ್ಯ ಡೊಂಬಿವಲಿಯಲ್ಲಿ ಯಾರೂ ಮಾಡಿರಲಿಲ್ಲ. ಕೊನೆಗೂ ಒಂದು ಕಡ್ಡಿಗೆ ಕೆಲಸ ಸಿಕ್ಕಿತು.

“ಒಳಗೆ ಕೈ ಹಾಕ್ಬೇಡ ಮಾರಾಯ್ತಿ,” ವೇದಾವತಿ ಅಂದಳು.

“ನಾನ್ಯಾಕೆ ಹಾಕ್ತೇನೆ? ಗಾಜು ತಟ್ಟಿದರೆ ಏನೂ ಆಗಲ್ಲ. ಜಾನ್ ತೆಗೆಯೋ ಕರೆಂಟ್ ಎಲ್ಲ ಕೆಳಗಿನ ತಗಡಿನ ಡಬ್ಬಿ ಒಳಗೆ. ಬಂದ್ ಮಾಡಿದ ಮೇಲೂ ಅಲ್ಲೇ ಕೂತಿರ್ತದೆ. ಅದನ್ನ ಮುಟ್ಟಬೇಕಾದ್ರೆ ಆಂಪ್ ಮಗುಚಿ, ಅಡಿಯಲ್ಲಿ ನಾಲ್ಕು ದೊಡ್ಡ ಸ್ಕ್ರೂ ಬಿಚ್ಚಿ, ಡಬ್ಬಿ ಹೊರಗೆ ಎಳೀಬೇಕು. ಪೃಥ್ವಿ ಹಾಗೆ ಮಾಡಿದ್ದು ಯಾಕೆ ಅಂತಲೇ ನಂಗೆ ಗೊತ್ತಾಗ್ತಿಲ್ಲ.”

ಅವಳು ಮೊದಲ ಸಣ್ಣ ಟ್ಯೂಬನ್ನು ತಟ್ಟಿದಳು. ಟಕ್. ಎರಡನೆಯದು, ಟಕ್.

ಮೂರನೆಯದನ್ನು ತಟ್ಟಿದಾಗ ಸ್ಪೀಕರು ಕಿರುಚಿಕೊಂಡಿತು. ‘ಟಿಂ…ಗ್’ ಎಂದು ಶುರುವಾದದ್ದು ‘ಊಂ’ ಎಂದು ಇಳಿದು, ಅಡುಗೆಮನೆಯ ಪಾತ್ರೆಗಳ ತನಕ ಹೋಗಿ ಮುಟ್ಟಿತು.

“ಹೊಡೀಬೇಡ ಮಗೂ,” ಪುಷ್ಪಾವತಿ ಅರ್ಧ ಎದ್ದಿದ್ದಳು. “ನೋವಾಗ್ತದೆ.”



ಅಕ್ಷಯಾ ಕಡ್ಡಿ ಕೆಳಗಿಟ್ಟಳು. ಒಳಗೆ ಇಣುಕಿ ಕೇಳಿದಳು: “ಆಂಟಿ, ಎಲ್ಲ ಟ್ಯೂಬಿನ ಮೇಲೂ ಇದೆಂಥ ಬ್ರೌನ್ ಕಲರ್ ದಾಗ್? ಚಾ ಚೆಲ್ಲಿದ ಕಲೆ ಹಾಗೆ?”

“ಅದಾ? ಗಂಧ.” ಪುಷ್ಪಾವತಿಯ ಮುಖದಲ್ಲಿ ನಗು ಬಂದು ಹೋಯಿತು. “ಆಯುಧ ಪೂಜೆದು. ನಿಮ್ಮ ಶಂಭಣ್ಣನ ಪೂಜೆ ಗೊತ್ತುಂಟಲ್ಲ ವೇದಕ್ಕ. ಹೋಟೆಲಿನ ಗ್ರೈಂಡರಿಗೆ ಮಾತ್ರ ಅಲ್ಲ, ಸೌಟಿಗೂ ಬೊಟ್ಟು. ಮಗನ ಆಂಪಿಗೂ ಆಗ್ಬೇಕು ಅಂತ ಹಟ. ಅವ ಹಿಂದಿನ ಜಾಳಿಗೆ ತೆಗೆದು ಕೊಟ್ಟ. ಇವ್ರು ಒಂದೊಂದು ಗಾಜಿಗೂ ಹಚ್ಚಿದ್ರು. ಆಮೇಲೆ ಬಟನಿಗೆ, ವಯರಿಗೆ. ಕಡೆಗೆ ಮಗುಚಿ ಹಾಕಿ ಅಡಿಯ ಸ್ಕ್ರೂಗೂ ಬಿಡ್ಲಿಲ್ಲ. ಪೃಥ್ವಿ ನೆಗಾಡಿದ್ದೇ ನೆಗಾಡಿದ್ದು. ‘ಪಪ್ಪಾ, ಇದ್ರಲ್ಲಿ ಹಿಟ್ಟು ರುಬ್ಬುದಲ್ಲ’ ಅಂತ.”

ಗಂಧ ಒಣಗಿ, ಕೆಂಡದ ಕಾವಿಗೆ ಸುಟ್ಟು, ಗಾಜಿಗೆ ಅಂಟಿಕೊಂಡಿತ್ತು. ವೇದಾವತಿ ಕನ್ನಡಕ ಏರಿಸಿ ಬಗ್ಗಿದಳು. ಸಣ್ಣ ಸಾಲಿನ ಮೊದಲನೆಯದಕ್ಕೆ ಬೊಟ್ಟು. ಎರಡನೆಯದಕ್ಕೆ ಬೊಟ್ಟು. ನಾಲ್ಕಕ್ಕೆ, ಐದಕ್ಕೆ. ದೊಡ್ಡವುಗಳಿಗೆಲ್ಲ ಬೊಟ್ಟು.

ಮೂರನೆಯದು ಬೋಳು ಹಣೆ.

ಟ್ಯೂಬ್‌ಲೈಟು ಹತ್ತಲು ಎರಡು ಸಲ ಮಿನುಗುವಷ್ಟು ಹೊತ್ತು ವೇದಾವತಿಗೂ ಬೇಕಾಯಿತು.

“ಪುಷ್ಪಕ್ಕ, ಆಂಪ್ ಮನೆಗೆ ಬಂದ ಮೇಲೆ ಯಾರಾದ್ರೂ ಮುಟ್ಟಿದ್ದಾರಾ?”

“ನಾನೊಬ್ಳೇ. ಇವ್ರಂತೂ ಹತ್ರ ಬರುದೇ ಇಲ್ಲ. ಸಂಜೆ ದೀಪದ ಹೊತ್ತಿಗೆ ಹೋಟೆಲಿಗೆ ಓಡ್ತಾರೆ.”

“ಹಾಗಾದ್ರೆ ಈ ಮೂರನೇ ಟ್ಯೂಬು ಪೂಜೆ ಆದ ಮೇಲೆ, ಮನೆಗೆ ಬರುವ ಮೊದಲು ಬದಲಾಗಿದೆ. ಕೋಪರಿಯಲ್ಲಿ.”

“ಮೂರನೇದಾ?” ಪುಷ್ಪಾವತಿ ತಡೆದು ಕೇಳಿದಳು. “ಅದು ಅಜ್ಜ ಅಲ್ವಾ?”

“ಯಾವ ಅಜ್ಜ?”

“ಪೃಥ್ವಿ ಅದಕ್ಕೆ ಅಜ್ಜ ಅಂತಿದ್ದ. ಎಲ್ಲೋ ಹಳೇ ರೇಡಿಯೋದಲ್ಲಿ ಸಿಕ್ಕಿದ್ದು, ನನ್ನಿಂದಲೂ ಹಿರಿಯ ಅಂತ. ಈಗ ಅಂಥದ್ದು ಮಾಡುದಿಲ್ವಂತೆ. ಅವ ಅದನ್ನು ಬದಲು ಮಾಡುವವನೇ ಅಲ್ಲ.”

ಆಗ ಕೆಳಗೆ ಆಟೋರಿಕ್ಷಾ ನಿಂತ ಸದ್ದಾಯಿತು. ನಿಂತ ನೆಲವೇ ಸಣ್ಣಗೆ ನಡುಗಿ, ಬೋಳು ಹಣೆಯ ಟ್ಯೂಬು ‘ಊಂ’ ಎಂದು ಮೊದಲೇ ಸುದ್ದಿ ಕೊಟ್ಟಿತು.

*

ಸಮಿತ್ ಸೀವುಡ್ಸಿನಿಂದ ಬಂದಿದ್ದ. ಟ್ರಾನ್ಸ್-ಹಾರ್ಬರ್ ಲೋಕಲ್ ಹಿಡಿದು, ಠಾಣೆಯಲ್ಲಿ ಬದಲಾಯಿಸಿ, ಭಾನುವಾರದ ಹಳಿ ರಿಪೇರಿಯ ಮೆಗಾಬ್ಲಾಕಿನಲ್ಲಿ ಮುಂಬ್ರಾ ಹತ್ತಿರ ನಿಂತು ನಿಂತು ಬಂದವನ ಅಂಗಿ ಬೆನ್ನಿಗೆ ಅಂಟಿತ್ತು. ಹೊಸ ಆಂಪಿನ ಪೆಟ್ಟಿಗೆಯನ್ನು ಕೆಳಗೆ ವಾಚ್‌ಮನ್ ಹತ್ತಿರ ಬಿಟ್ಟು, ಭುಜದ ಬ್ಯಾಗು ಮಾತ್ರ ಹೊತ್ತು ಮೇಲೆ ಬಂದಿದ್ದ.

ತೆರೆದಿಟ್ಟ ಜಾಳಿಗೆ ಕಂಡವನು ಚಪ್ಪಲಿ ಬಿಡುವುದನ್ನೇ ಮರೆತ.

“ಆಂಟಿ, ಇದನ್ನ ಯಾಕೆ ಖೋಲ್ ಮಾಡಿದ್ದು? ನಾನು ಒಯ್ದು ಚೆಕ್ ಮಾಡಿಸ್ತಿದ್ದೆನಲ್ಲ?”

“ಕೂತ್ಕೊ ಮಗಾ. ಇವ್ರು ವೇದಕ್ಕ.”

“ನಮಸ್ತೆ ಆಂಟಿ. ನೀವು ಕೂಡ ಮ್ಯೂಸಿಕ್…?”

“ಅಲ್ಲ. ರೈಲ್ವೆ.”

ವೇದಾವತಿ ಪ್ರಶ್ನೆ ಕೇಳಲಿಲ್ಲ. ಎದುರಿಗೆ ಬಂದು ನಿಂತು, ಮುಖ ನೋಡದೆ, ಬಲಗೈ ಚಾಚಿ ಅಂಗೈ ಬಿಚ್ಚಿದಳು. ಇಡೀ ಸರ್ವಿಸಿನಲ್ಲಿ ಅವಳು ಕಲಿತ ವಿದ್ಯೆ ಅದೊಂದೇ. ಮಾತಾಡಿದರೆ ಜನ ಕಥೆ ಹೇಳುತ್ತಾರೆ. ಅಂಗೈ ಚಾಚಿದರೆ, ಇರುವವನ ಕೈ ಟಿಕೆಟಿನ ಕಡೆ ಹೋಗುತ್ತದೆ, ಇಲ್ಲದವನ ಕಣ್ಣು ಬಾಗಿಲ ಕಡೆ.

ಸಮಿತನ ಕೈ ಬ್ಯಾಗಿನ ಹೊರಜೇಬಿನ ಮೇಲೆ ಹೋಗಿ ಕೂತಿತು. ಹೋದದ್ದು ಅವನಿಗೂ ಆಮೇಲೆ ಗೊತ್ತಾಯಿತು.

“ಏನು… ಏನು ಬೇಕು?”

“ಅಜ್ಜ.”

ಹುಡುಗ ಬೆವರಿದ್ದು ಮೆಗಾಬ್ಲಾಕಿಗಲ್ಲ ಎಂದು ಈಗ ಖಾತ್ರಿಯಾಯಿತು.

“ಯಾವ ಅಜ್ಜ ಆಂಟಿ? ಮುಝೇ ಕುಛ್…”

“ಸಮಿತ್, ನಾನು ಲೇಡೀಸ್ ಡಬ್ಬಿಯಲ್ಲಿ ಏಕಾದಶಿ ಉಪವಾಸದ ಹೆಂಗಸರ ಹತ್ರವೂ ದಂಡ ಎತ್ತಿದವಳು. ನಿನ್ನ ಕೈ ಆ ಜೇಬಿನ ಮೇಲೆ ಉಂಟು. ತೆಗಿ.”

ಅವನು ತೆಗೆದ. ಗಂಟು ಕಟ್ಟಿದ ಕಾಲುಚೀಲ. ಅದರೊಳಗೆ ಕರವಸ್ತ್ರ. ಅದರೊಳಗೆ ಬೆರಳಿನಷ್ಟು ಗಾಜು. ಗಾಜಿನ ಮೇಲೆ ಸುಟ್ಟ ಗಂಧದ ಬೊಟ್ಟು.

ಪುಷ್ಪಾವತಿ ಬಾಯಿಗೆ ಸೆರಗು ಒತ್ತಿಕೊಂಡಳು.

“ಅವನು ಹೋದ ಮೂರನೇ ದಿನ ಆಂಟಿ,” ಸಮಿತ್ ನೆಲ ನೋಡಿಕೊಂಡು ಹೇಳಿದ. “ರೂಮ್ ಖಾಲಿ ಮಾಡ್ಲಿಕ್ಕೆ ಹೋಗಿದ್ದೆ. ಇದು ಸುಮ್ನೆ ಅಲ್ಲೇ ಇತ್ತು. ಇಂಥ ಸೌಂಡ್ ಎಲ್ಲೂ ಸಿಗೋದಿಲ್ಲ. ಇನ್ನು ಯಾರೂ ಬಜಾಯಿಸೋದಿಲ್ಲ ಅಂದ್ಕೊಂಡು… ತೆಗೆದು, ನನ್ನ ಹತ್ರ ಇದ್ದ ಚೈನಾ ಟ್ಯೂಬ್ ಹಾಕಿಬಿಟ್ಟೆ. ಚೋರೀನೇ. ಚೋರೀನೇ ಮಾಡಿದ್ದು ನಾನು.”

“ಈಗ ಯಾಕೆ ವಾಪಸ್ ತಂದದ್ದು?” ಅಕ್ಷಯಾ ಕೇಳಿದಳು. “ಪೂರಾ ಆಂಪೇ ಸಿಗ್ತಿತ್ತಲ್ಲ ನಿಂಗೆ.”

“ಹಾಕಿಡ್ಲಿಕ್ಕೆ. ಹೊಸದು ಕೊಡುವ ನೆಪದಲ್ಲಿ ಆಂಪ್ ಒಯ್ದು, ಇದನ್ನ ಇದರ ಜಾಗದಲ್ಲಿ ಹಾಕಿ, ಮತ್ತೆ ತಂದು ಕೊಡುವಾ ಅಂತ. ಯಾರಿಗೂ ಗೊತ್ತಾಗದೆ.” ಅವನು ತಲೆ ಎತ್ತಿದ. “ನನ್ನ ಆಂಪಿನಲ್ಲಿ ಹಾಕಿ ನೋಡಿದ್ದೆ ಆಂಟಿ. ಬಿಸಿ ಆಗ್ತಿದ್ದ ಹಾಗೆ ಗಂಧದ ವಾಸನೆ ಬರ್ತದೆ. ರೂಮ್ ಪೂರಾ. ಗಿಟಾರ್ ಹಿಡಿದ್ರೆ ಬೆರಳು ಓಡುದಿಲ್ಲ. ಹಿಂದೆ ಯಾರೋ ಕೂತು ಕೇಳ್ತಿದ್ದಾರೆ ಅಂತ… ಕಿಟಕಿ ತೆರೆದಿಟ್ಟೆ, ಫ್ಯಾನ್ ಹಾಕಿದೆ, ಏನು ಮಾಡಿದ್ರೂ ಹೋಗ್ಲಿಲ್ಲ. ಬ್ಯಾಂಡೇ ಬಿಟ್ಟೆ ನಾನು.”

ಆಂಪ್ ‘ಊಂ’ ಅಂದಿತು. ಅವನ ದನಿಗೆ ಅಷ್ಟೇ. ಎಲ್ಲರಿಗೂ ಅದು ಗೊತ್ತಿತ್ತು. ಆದರೂ ನಾಲ್ವರೂ ತಿರುಗಿ ನೋಡಿದರು.

ಪುಷ್ಪಾವತಿ ಎದ್ದು ಬಂದು ಟ್ಯೂಬನ್ನು ಅವನ ಕೈಯಿಂದ ತೆಗೆದುಕೊಂಡಳು. ಮೂಗಿನ ಹತ್ತಿರ ಹಿಡಿದಳು.

“ಅಂದ್ರೆ ನನ್ಹತ್ರ ಮಾತಾಡ್ತಿದ್ದದ್ದು ಇವ ಹಾಕಿದ ಚೈನಾ ಮಾಲು,” ಅಂದಳು. ಅಳಲಿಲ್ಲ. ಅದನ್ನು ನೋಡುವುದು ಅಳು ನೋಡುವುದಕ್ಕಿಂತ ಕಷ್ಟವಾಗಿತ್ತು. “ಪಾಪ, ನನ್ನ ಮಗ ಇಷ್ಟು ದಿನ ನಿನ್ನ ಜೇಬಲ್ಲಿ ಇದ್ದನಾ?”

ಹೈ ಗೇನ್ ಆಂಪಿನಲ್ಲಿ ಅವಳಿಗೆ ಉಳಿದದ್ದು ಪೂರಾ ನಷ್ಟ. ವೇದಾವತಿಗೆ ತನ್ನ ಮೇಲೇ ಸಿಟ್ಟು ಬಂತು. ಭೂತ ಬಿಡಿಸಿ ಕೊಟ್ಟವರಿಗೆ ದಕ್ಷಿಣೆ ಸಿಗುತ್ತದೆ. ಮಗನನ್ನು ಎರಡನೇ ಸಲ ಕಳೆದುಕೊಳ್ಳುವಂತೆ ಮಾಡಿದವರಿಗೆ ಏನು ಕೊಡುತ್ತಾರೆ?

ಆ ಸಿಟ್ಟಿನಲ್ಲೇ ಕೇಳಿದಳು: “ಸಮಿತ್, ಅವತ್ತು ಇದನ್ನು ತೆಗೆಯುವಾಗ ಆಂಪಿನ ಒಳಗೆಲ್ಲ ಬಿಚ್ಚಿ ಬಿದ್ದಿತ್ತಲ್ಲ? ಆ ತಗಡಿನ ಡಬ್ಬಿ? ಹೆದರಿಕೆ ಆಗ್ಲಿಲ್ವಾ ಕೈ ಹಾಕ್ಲಿಕ್ಕೆ?”

“ಬಿಚ್ಚಿ? ಇಲ್ಲಪ್ಪ. ಬಂದ್ ಇತ್ತು. ನಾನು ಹಿಂದಿನ ಜಾಳಿಗೆ ಮಾತ್ರ ತೆಗೆದದ್ದು.” ಅವನು ಗೊಂದಲದಲ್ಲಿ ಕಣ್ಣು ಪಿಳಿಕಿಸಿದ. “ಅಂಕಲ್ ಮುಚ್ಚಿರಬೇಕು. ಅವರೇ ಮೊದಲು ನೋಡಿದ್ದಲ್ವಾ.”

“ಹೌದು. ಅವರೇ ಮುಚ್ಚಿರ್ಬೇಕು.”

ವೇದಾವತಿ ಅಕ್ಷಯಾಳ ಕಡೆ ನೋಡಿದಳು. “ಸ್ವಿಚ್ ಬಂದ್ ಮಾಡು. ಇದನ್ನೊಮ್ಮೆ ಮಗುಚು.”

ಇಬ್ಬರೂ ಸೇರಿ ಆಂಪನ್ನು ಸ್ಪೀಕರಿನ ಮೇಲಿಂದ ಇಳಿಸಿ, ಚಾಪೆಯ ಮೇಲೆ ಒರಗಿಸಿದರು. ಅಡಿಯ ಹಲಗೆಯಲ್ಲಿ ನಾಲ್ಕು ಮೂಲೆಗೆ ನಾಲ್ಕು ದೊಡ್ಡ ಸ್ಕ್ರೂ. ಸ್ಕ್ರೂ ತಲೆಯ ಮೇಲೆ ಕೂಡುವ ಚಿಹ್ನೆಯ ಸೀಳು ಇರಬೇಕಿತ್ತು. ಇತ್ತೋ ಏನೋ, ಕಾಣಿಸಲಿಲ್ಲ. ಗಂಧ ಸೀಳಿನೊಳಗೆ ಇಳಿದು, ತುಂಬಿ, ಸುತ್ತಲಿನ ಮರಕ್ಕೂ ಸೇರಿ, ಒಣಗಿ ಗಾರೆಯ ಹಾಗೆ ಕೂತಿತ್ತು. ಕಾವು ತಾಗದ ಜಾಗವಾದ್ದರಿಂದ ಇಲ್ಲಿ ಅದು ಕಂದಾಗಿರಲಿಲ್ಲ. ಹಳದಿಯೇ ಇತ್ತು. ನಾಲ್ಕರಲ್ಲಿ ಒಂದಕ್ಕೂ ಬಿರುಕಿಲ್ಲ.

ವೇದಾವತಿ ಉಗುರಿನಿಂದ ಒಂದನ್ನು ಮುಟ್ಟಿದಳು. ಮುಟ್ಟಿದಷ್ಟಕ್ಕೇ ಒಂದು ಚೂರು ಉದುರಿತು.

ಆಯುಧ ಪೂಜೆಯ ದಿನ ಶಂಭುವಿನ ಬೆರಳು ಇಟ್ಟ ಬೊಟ್ಟು. ಅದು ಒಡೆಯದೆ ಸ್ಕ್ರೂಡ್ರೈವರು ಒಳಗೆ ಹೋಗುವುದಿಲ್ಲ. ಸ್ಕ್ರೂ ತಿರುಗದೆ ಡಬ್ಬಿ ಹೊರಗೆ ಬರುವುದಿಲ್ಲ. ಡಬ್ಬಿ ಬರದೆ ಕೈ ಒಳಗೆ ಹೋಗುವುದಿಲ್ಲ. ಪೊಲೀಸರ ಸೀಲು ನಕಲಿ ಮಾಡಬಹುದು. ಹೋಟೆಲಿನವನ ಗಂಧದ ಸೀಲನ್ನು ಇಷ್ಟು ಶ್ರದ್ಧೆಯಿಂದ ಯಾರು ನಕಲಿ ಮಾಡುತ್ತಾರೆ?

ಈ ಆಂಪನ್ನು ಪೃಥ್ವಿ ಬಿಚ್ಚಲೇ ಇಲ್ಲ. ಯಾರೂ ಬಿಚ್ಚಿಲ್ಲ.

“ಎಂತ ವೇದಕ್ಕ, ನೆಲ ಒರೆಸ್ತಿದ್ದೀರಾ?”

ಬಾಗಿಲಲ್ಲಿ ಶಂಭು ನಿಂತಿದ್ದ. ಕೈಯಲ್ಲಿ ಬಾಳೆಎಲೆ ಸುತ್ತಿದ ಪಾರ್ಸೆಲ್, ಮುಖದಲ್ಲಿ ಗಲ್ಲಾದಲ್ಲಿ ಕೂತಾಗ ಗಿರಾಕಿಗಳಿಗೆ ಇಡುವ ನಗು. ಕಣ್ಣು ಮಾತ್ರ ಮಗುಚಿದ ಆಂಪಿನ ಮೇಲಿತ್ತು.

“ಬನ್ನಿ ಶಂಭಣ್ಣ. ಭೂತ ಸಿಕ್ಕಿತು. ಮೂರನೇ ಟ್ಯೂಬಲ್ಲಿ ಇತ್ತು.”

“ನಾನು ಆಗಿಂದ್ಲೇ ಹೇಳ್ತಿಲ್ವಾ ಇವಳಿಗೆ? ಕೇಳ್ಬೇಕಲ್ಲ. ತಗೊಂಡು ಹೋಗಪ್ಪ ಸಮಿತ್, ಬೇಗ ತಗೊಂಡು ಹೋಗು. ಗೋಳಿಬಜೆ ತಂದಿದ್ದೇನೆ, ತಿಂದು ಹೊರಡು.”

“ಒಂದು ಮಾತು ಶಂಭಣ್ಣ.” ವೇದಾವತಿ ಮಂಡಿ ಹಿಡಿದು ಎದ್ದಳು. “ಅವತ್ತು ನೀವು ನೋಡಿದಾಗ, ಪೃಥ್ವಿಯ ಕೈ ಎಲ್ಲಿತ್ತು?”

“ಒಳಗೆ.” ತಡವೇ ಇಲ್ಲ. ಬಾಯಿಪಾಠ ಒಪ್ಪಿಸಿದ ಹಾಗೆ. “ಪೂರಾ ಬಿಚ್ಚಿ ಹಾಕಿದ್ದ. ಸ್ಕ್ರೂ ನಾಲ್ಕೂ ಪಕ್ಕಕ್ಕೆ ಇಟ್ಟಿದ್ದ, ನೀಟಾಗಿ. ಪೊಲೀಸರು ಬರುವ ಮೊದಲು ನಾನೇ ಹಾಕಿ ಬಿಗಿ ಮಾಡಿದ್ದು. ಯಾರಿಗಾದ್ರೂ ಮತ್ತೆ ಶಾಕ್ ಹೊಡೆದ್ರೆ ಅಂತ.”

“ಸರಿ ಮಾಡಿದ್ರಿ.”

ಅವಳು ಅವನಿಗೆ ಬೆನ್ನು ತಿರುಗಿಸಿದಳು. ಟಿಕೆಟ್ ಇಲ್ಲದವನನ್ನು ದಿಟ್ಟಿಸಿದರೆ ಅವನು ಕೂತಲ್ಲೇ ನಿದ್ದೆ ನಟಿಸುತ್ತಾನೆ. ಬೆನ್ನು ತಿರುಗಿಸಿ ಪಕ್ಕದವರ ಪಾಸ್ ನೋಡಲು ಹೊರಟರೆ ಮಾತ್ರ ಎದ್ದು ಬಾಗಿಲಿಗೆ ನಡೆಯುತ್ತಾನೆ.

“ಅಕ್ಷಯಾ, ನೀನೂ ಸಮಿತನೂ ಕೆಳಗೆ ಹೋಗಿ ಆ ಹೊಸ ಪೆಟ್ಟಿಗೆ ಹೊತ್ಕೊಂಡು ಬನ್ನಿ. ಲಿಫ್ಟ್ ಬೇರೆ ಇಲ್ಲ. ಪುಷ್ಪಕ್ಕ, ದೀಪ ಹಚ್ಚುವ ಹೊತ್ತಾಯ್ತು. ಕಡೇ ದಿನ, ಇದನ್ನೂ ಹಚ್ಚಿಬಿಡಿ.”

“ಯಾವ ಟ್ಯೂಬು ಹಾಕ್ಲಿ?” ಅಕ್ಷಯಾ ಕೇಳಿದಳು.

“ಚೈನಾದ್ದೇ ಇರ್ಲಿ.”

ಆಂಪು ಮತ್ತೆ ಸ್ಪೀಕರಿನ ಮೇಲೆ ಹತ್ತಿತು. ಪುಷ್ಪಾವತಿ ದೇವರ ಮುಂದೆ ದೀಪ ಹಚ್ಚಿ, ಬಂದು ಮೊದಲ ಸ್ವಿಚ್ ಒತ್ತಿದಳು. ತುಟಿಯಲ್ಲಿ ಸ್ತೋತ್ರ ಮುಗಿಯಿತು. ಎರಡನೆಯದನ್ನು ಒತ್ತಿದಳು. ಇವತ್ತು ಏನೂ ಕೇಳಲಿಲ್ಲ. ಅಜ್ಜನನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ವೇದಾವತಿಯ ಹಿಂದೆ ಅಡುಗೆಮನೆಗೆ ಬಂದಳು.

*

ಕಾಫಿಗೆ ನೀರು ಇಟ್ಟರು. ಒಲೆ ಹಚ್ಚಿದ್ದು ಇಬ್ಬರಲ್ಲಿ ಯಾರೆಂದು ಆಮೇಲೆ ಇಬ್ಬರಿಗೂ ನೆನಪಿರಲಿಲ್ಲ.

“ವೇದಕ್ಕ.”

“ಹೂಂ.”

“ನಾನೂ ನೋಡಿದೆ. ಅಡಿಯ ಸ್ಕ್ರೂಗಳನ್ನ.” ಪುಷ್ಪಾವತಿಯ ದನಿ ಬತ್ತಿತ್ತು. “ಗಂಧ ತೇಯ್ದು ಕೊಟ್ಟದ್ದು ನಾನು. ಚಿಟಿಕೆ ಅರಿಶಿನ ಸೇರಿಸಿ ತೇಯುದು ನಮ್ಮ ಮನೆಯಲ್ಲಿ. ಆ ಹಳದಿ ನಂಗೆ ಗೊತ್ತಾಗುದಿಲ್ವಾ?” ಅವಳು ತಡೆದಳು. “ಬಿಚ್ಚದ ಪೆಟ್ಟಿಗೆ ಒಳಗೆ ನನ್ನ ಮಗನ ಕೈ ಹೋದದ್ದು ಹೇಗೆ?”

ವೇದಾವತಿ ಬೆರಳು ಎತ್ತಿ ತುಟಿಗೆ ಇಟ್ಟಳು.

ಹೊರಗಿನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ದೂರದಲ್ಲಿ ಒಂದು ಫಾಸ್ಟ್ ಲೋಕಲ್ ಡೊಂಬಿವಲಿಯಲ್ಲಿ ನಿಲ್ಲಲು ಮನಸ್ಸಿಲ್ಲದ ಹಾಗೆ ಬ್ರೇಕ್ ಹಾಕುತ್ತಿತ್ತು.

ಟಿಂ…ಗ್.

ಪುಷ್ಪಾವತಿಯ ಕೈಯಿಂದ ಸೋಸುವ ಬಟ್ಟೆ ಜಾರಿತು.

ಮತ್ತೆ. ಟಿಂಗ್. ಆಮೇಲೆ ಒಂದು ಉದ್ದದ ನರಳಾಟ, ಭಾರದ ವಸ್ತುವನ್ನು ಯಾರೋ ಮೆಲ್ಲಗೆ ವಾಲಿಸಿದಂತೆ. ಆಮೇಲೆ ಕರ್… ಕರ್… ಕರ್… ಎಂದು ಒಂದೇ ಸಮನೆ ಉಜ್ಜುವ ಸದ್ದು. ಉಜ್ಜುವವನ ಕೈ ಎಷ್ಟೇ ಹಗುರವಾಗಿರಲಿ, ಬೋಳು ಹಣೆಯ ಟ್ಯೂಬು ಅದನ್ನು ಹಿಡಿದು, ಮುಂದಿನದಕ್ಕೆ ಕೊಟ್ಟು, ಅದು ಅದರ ಮುಂದಿನದಕ್ಕೆ ಕೊಟ್ಟು, ಗೋಡೆ ತುಂಬ ಕೇಳಿಸುತ್ತಿತ್ತು. ಇಷ್ಟು ದಿನ ಮನೆಯನ್ನು ಕಾಡಿದ ಭೂತ ಇವತ್ತು ಮನೆಯನ್ನು ಕಾಯುತ್ತಿತ್ತು.

ಅದನ್ನು ಬಂದ್ ಮಾಡಬಹುದಿತ್ತು ಪಾಪ. ಯಾವ ಸ್ವಿಚ್ಚೆಂದು ಶಂಭುವಿಗೆ ಗೊತ್ತಿರಲಿಲ್ಲ.

ಇಬ್ಬರೂ ಬಾಗಿಲಿಗೆ ಬಂದರು.

ಶಂಭು ನೆಲಕ್ಕೆ ಮಂಡಿಯೂರಿದ್ದ. ಆಂಪನ್ನು ಸ್ಪೀಕರಿನ ಅಂಚಿನಿಂದ ವಾಲಿಸಿ, ನಿದ್ದೆಹೋದ ಮಗುವನ್ನು ಹೊತ್ತ ಹಾಗೆ ಎಡಭುಜಕ್ಕೆ ಒರಗಿಸಿಕೊಂಡಿದ್ದ. ಅಷ್ಟು ಭಾರ ಹೊತ್ತ ಕುತ್ತಿಗೆಯ ನರ ಉಬ್ಬಿತ್ತು. ಬಲಗೈಯಲ್ಲಿ ಹೋಟೆಲಿನ ಟೇಬಲ್ ಒರೆಸುವ ಒದ್ದೆ ಬಟ್ಟೆ. ಅಡಿಯ ಹಲಗೆಯಲ್ಲಿ ಒಂದು ಸ್ಕ್ರೂ ಆಗಲೇ ತೊಳೆದು ಬೆಳ್ಳಗೆ ಹೊಳೆಯುತ್ತಿತ್ತು, ಅದರ ಸೀಳು ಮೊದಲ ಸಲ ಕಣ್ಣು ತೆರೆದಂತೆ. ಮೂರು ಇನ್ನೂ ಹಳದಿ.

“ಧೂಳು,” ಅಂದ ಶಂಭು. ತಿರುಗದೆ. “ಕ್ಲೀನ್ ಮಾಡಿ ಕೊಡುವಾ ಅಂತ. ಮಗನ ವಸ್ತು.”

ವೇದಾವತಿ ಬಾಯಿ ತೆರೆದಳು. ಪುಷ್ಪಾವತಿ ಅವಳ ಕೈ ಒತ್ತಿ ಹಿಂದಕ್ಕೆ ಸರಿಸಿದಳು. ಮದುವೆಯಾದಂದಿನಿಂದ ಆ ಮನೆಯಲ್ಲಿ ಯಾರೂ ಅವಳ ದನಿ ಜೋರಾದದ್ದು ಕೇಳಿರಲಿಲ್ಲ. ಈಗಲೂ ಜೋರಾಗಲಿಲ್ಲ.

“ಅವನ ಕೈ ಎಲ್ಲಿತ್ತು?”

‘ಊಂ…’ ಅಂದಿತು ಆಂಪು.

ಒದ್ದೆ ಬಟ್ಟೆ ನಿಂತಿತು. ಅದರ ತುದಿಯಿಂದ ಹಳದಿ ನೀರಿನ ಒಂದು ಹನಿ ನೆಲಕ್ಕೆ ಬಿತ್ತು.

“ಹೇಳಿ. ಎಲ್ಲಿ ಸತ್ತ ನನ್ನ ಮಗ?”

‘ಊಂ…’

ಶಂಭು ಹೆಂಡತಿಯ ಕಡೆ ತಿರುಗಲಿಲ್ಲ. ವೇದಾವತಿಯ ಕಡೆಯೂ ತಿರುಗಲಿಲ್ಲ. ಭುಜದ ಮೇಲಿದ್ದ ಕಪ್ಪು ಪೆಟ್ಟಿಗೆಗೆ ಕೆನ್ನೆ ತಾಗಿಸಿ, ಅದರ ಕಿವಿಯಲ್ಲಿ ಹೇಳುವ ಹಾಗೆ, ತೀರಾ ಮೆಲ್ಲಗೆ, ಬೇಡಿಕೊಂಡ.

“ಹೇಳ್ಬೇಡ ಮಗಾ.”